ಎರಡು ಕೊಳಗ: ಹಿನ್ನೀರಿನಂಚಿನ ಒಂದು ಮಜರೆಯ ಪ್ರಕರಣ

ಇದು ಶಿವಮೊಗ್ಗ ಜಿಲ್ಲೆಯಲ್ಲಿ, ಶರಾವತಿ ಮುಳುಗಡೆಯಿಂದ ಎದ್ದು ಬಂದವರು ಕಟ್ಟಿಕೊಂಡ ಒಂದು ಮಜರೆಯ ಪ್ರಕರಣ. ಊರು, ತಾಲ್ಲೂಕು ಮತ್ತು ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಮನೆಗಳ ಎಣಿಕೆಯನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನಾನು ಈ ಮಜರೆಯವರಿಗೆ ಅರ್ಜಿ ಬರೆದುಕೊಡುತ್ತಿದ್ದೆ. ಹಾಗಾಗಿ ಇಲ್ಲಿ ದಾಖಲಾಗಿರುವ ತಪ್ಪು ತೀರ್ಮಾನಗಳಲ್ಲಿ ಕೆಲವು ನನ್ನವೇ.

ಹಿನ್ನೆಲೆ

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹದ ಹಿಂದೆ ಒಂದು ಕೊಳಗದ ಜಗಳವಿತ್ತು. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು ಎಂಬುದು ರೈತರ ದೂರಾಗಿತ್ತು. ಸಂವಿಧಾನ ಜಾರಿಗೆ ಬಂದು ಆಗಿನ್ನೂ ಒಂದು ವರ್ಷ ಕಳೆದಿತ್ತು. ಸಾಮಾಜಿಕ, ಆರ್ಥಿಕ ಮತ್ತು ರಾಜಕೀಯ ನ್ಯಾಯವನ್ನು ಪೀಠಿಕೆಯಲ್ಲಿ ಬರೆದುಕೊಂಡ ದೇಶದಲ್ಲಿ, ರಾಮಮನೋಹರ ಲೋಹಿಯಾ ಅವರಂಥವರು ಬಂದು ಬಂಧನಕ್ಕೊಳಗಾಗಬೇಕಾಗಿ ಬಂದದ್ದು ಭತ್ತದ ಅಳತೆಯಿಂದ ಹುಟ್ಟಿದ ಹೋರಾಟಕ್ಕಾಗಿ ಎಂಬುದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಅದೇ ಕೊಳಗ ನನ್ನ ಕೈಯಲ್ಲೂ ಇದೆ ಎಂಬುದು ಬಹಳ ತಡವಾಗಿ ತಿಳಿಯಿತು. ಅದು ಮುಂದೆ ಬರುತ್ತದೆ.

ಆ ಹೊತ್ತಿಗೆ ಶರಾವತಿಯ ನೀರು ವಿದ್ಯುತ್ತಾಗಲು ಆರಂಭವಾಗಿತ್ತು. 1948ರ ಜೋಗದ ವಿದ್ಯುದಾಗಾರಕ್ಕಾಗಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಎದ್ದಿತ್ತು. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡಾಗ ಆ ಮೊದಲ ಅಣೆಕಟ್ಟೆಯೂ ಹಳ್ಳಿಗಳ ಜೊತೆಗೆ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷಗಳಲ್ಲಿ ಅದು ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ನೀರು ಇಳಿದಾಗ ತಮ್ಮ ಮನೆಯ ಅಡಿಪಾಯ ಹುಡುಕಿಕೊಂಡು ಹೋಗುವವರು ಬೇರೆ.

ನಮ್ಮ ಮಜರೆಯ ಹಿರಿಯರನ್ನು ಲಾರಿಯಲ್ಲಿ ಕರೆತಂದು ಕಾಡಿನಲ್ಲಿ ಇಳಿಸಲಾಯಿತು. ಮರ ಕಡಿದು ಗದ್ದೆ ಮಾಡಿಕೊಳ್ಳಿ ಎಂದು ಬಾಯಲ್ಲಿ ಹೇಳಿದರು. ಅವರು ಹಾಗೆಯೇ ಮಾಡಿದರು: ಮೊದಲು ಗದ್ದೆ, ಆಮೇಲೆ ಹಳ್ಳದ ಪಕ್ಕಕ್ಕೆ ಅಡಿಕೆ ತೋಟ. ಆದರೆ ಆ ಜಾಗವನ್ನು ಅರಣ್ಯದ ಲೆಕ್ಕದಿಂದ ಯಾರೂ ತೆಗೆಯಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಅರಣ್ಯ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಿಡಲು ಕೇಂದ್ರದ ಪೂರ್ವಾನುಮತಿ ಕಡ್ಡಾಯವಾಯಿತು. ಸರ್ಕಾರವೇ ಇಳಿಸಿದ ಜಾಗದಲ್ಲಿ ಸರ್ಕಾರದ ಮಾತಿನಂತೆ ಮರ ಕಡಿದವರು, ಒಂದು ಕಾಯ್ದೆಯ ದಿನಾಂಕದಿಂದ ಈಚೆಗೆ ಕಡತದಲ್ಲಿ ಒತ್ತುವರಿದಾರರಾದರು. ಇಂಥ ಜಾಗಗಳನ್ನು ಬಿಡುಗಡೆ ಮಾಡಲು ರಾಜ್ಯ ಸರ್ಕಾರ ಕೇಂದ್ರದ ಅನುಮತಿಯಿಲ್ಲದೆ ಹೊರಡಿಸಿದ್ದ ಆದೇಶಗಳನ್ನು 2021ರಲ್ಲಿ ಹೈಕೋರ್ಟ್ ರದ್ದುಪಡಿಸಿತು. ಕಾನೂನಿನ ಕಣ್ಣಿಂದ ನೋಡಿದರೆ ಆ ತೀರ್ಪಿನಲ್ಲಿ ತಪ್ಪು ಹುಡುಕುವುದು ಕಷ್ಟ.

ಮಜರೆಯಲ್ಲಿ ಮೂವತ್ತನಾಲ್ಕು ಮನೆಗಳು. ಇಪ್ಪತ್ತೇಳು ಮನೆಗಳವರಿಗೆ ಮುಳುಗಿದ ಊರಿನಲ್ಲಿ ಸ್ವಂತ ಜಮೀನಿತ್ತು. ಅಲ್ಪಸ್ವಲ್ಪ ಪರಿಹಾರದ ಹಣವೂ ಬಂದಿತ್ತು. ಹಳ್ಳದ ಆಚೆಯ ಏಳು ಮನೆಗಳವರು ಅಲ್ಲಿ ಗೇಣಿಗೆ ಉಳುತ್ತಿದ್ದವರು, ಇಲ್ಲವೇ ಆಳಾಗಿ ದುಡಿಯುತ್ತಿದ್ದವರು. ಜಮೀನು ಅವರ ಹೆಸರಿನಲ್ಲಿ ಇರಲಿಲ್ಲವಾದ್ದರಿಂದ ಅವರಿಗೆ ಪರಿಹಾರವೂ ಇರಲಿಲ್ಲ. ಉಳುವವನೇ ಹೊಲದೊಡೆಯ ಎಂಬ ಮಾತು 1974ರಲ್ಲಿ ಕಾನೂನಾಯಿತು. ಅಷ್ಟರಲ್ಲಿ ಇವರು ಉಳುತ್ತಿದ್ದ ಹೊಲ ನೀರಿನಡಿಗೆ ಸೇರಿ ಹತ್ತು ವರ್ಷವಾಗಿತ್ತು. ಭೂಸುಧಾರಣೆಯ ಬಗ್ಗೆ ನಮ್ಮ ಜಿಲ್ಲೆಯಲ್ಲಿ ನಡೆಯುವ ಭಾಷಣಗಳಲ್ಲಿ ಈ ಸಂಗತಿ ಬಂದದ್ದನ್ನು ನಾನು ಕೇಳಿಲ್ಲ.

ಸಮಸ್ಯೆ

ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅದಕ್ಕಾಗಿ ಮನೆ ಬಿಟ್ಟವರ ಈ ಮಜರೆಯಲ್ಲಿ ಅರ್ಧ ಶತಮಾನ ಕಳೆದರೂ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು. ದೀಪದ ಬುಡ ಕತ್ತಲು ಎಂಬುದನ್ನು ಇಲ್ಲಿಯವರು ಗಾದೆಯಾಗಿ ಹೇಳುವುದಿಲ್ಲ, ತಮ್ಮ ವಿಳಾಸವಾಗಿ ಹೇಳುತ್ತಾರೆ. ಪಹಣಿಯಲ್ಲಿ ಹೆಸರಿಲ್ಲದ್ದರಿಂದ ಬೆಳೆಸಾಲ ಸಿಗುತ್ತಿರಲಿಲ್ಲ, ಅಡಿಕೆಗೆ ಕೊಳೆರೋಗ ಬಂದ ವರ್ಷ ಪರಿಹಾರದ ಪಟ್ಟಿಯಲ್ಲಿ ಜಾಗವಿರುತ್ತಿರಲಿಲ್ಲ, ಕಂಬ ಹಾಕಲು ಬಂದವರನ್ನು ಅರಣ್ಯ ಕಾವಲುಗಾರ ಹಿಂದಕ್ಕೆ ಕಳುಹಿಸುತ್ತಿದ್ದ.

ಇದನ್ನು ‘ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ನನಗೆ ಆ ಗಾದೆ ಇಲ್ಲಿ ಹೊಂದುವುದಿಲ್ಲ ಅನ್ನಿಸುತ್ತದೆ. ಗಾದೆಯ ಪುರೋಹಿತನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತು. ಈ ಪ್ರಕರಣದಲ್ಲಿ ನಾನು ಭೇಟಿಯಾದ ಅಧಿಕಾರಿಗಳಲ್ಲಿ ಹೆಚ್ಚಿನವರು ಕಪಟಿಗಳಾಗಿರಲಿಲ್ಲ. ಒಬ್ಬರಂತೂ ಮುಳುಗಡೆಯ ಕಥೆ ಕೇಳಿ ನಿಜಕ್ಕೂ ಮರುಗಿದರು, ಮರುಗಿದ ಮೇಲೆ ‘ದಾಖಲೆ ತನ್ನಿ’ ಎಂದರು. ಅಂತರ ಇದ್ದದ್ದು ಆ ಎರಡು ಮಾತುಗಳ ನಡುವೆ. ಕೊಡುತ್ತೇನೆ ಎಂದು ದೇಶ ಹೇಳುವಾಗ ಅದಕ್ಕೆ ಒಂದು ಅಳತೆ, ಪಡೆಯಲು ಪ್ರಜೆ ಬಂದಾಗ ಇನ್ನೊಂದು ಅಳತೆ.

ಮೊದಲ ಪ್ರಯತ್ನಗಳು

ಹಲವು ದಶಕಗಳ ಕಾಲ ಮಜರೆಯವರು ಸಲ್ಲಿಸಿದ್ದು ಮನವಿಗಳನ್ನು. ಅವುಗಳ ಪ್ರತಿಗಳನ್ನು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಜೋಪಾನ ಮಾಡಿಟ್ಟಿದ್ದರು. ಎಲ್ಲದರ ಕೊನೆಯಲ್ಲೂ ‘ಮಾನವೀಯತೆಯ ದೃಷ್ಟಿಯಿಂದ ಪರಿಗಣಿಸಬೇಕಾಗಿ ಕೋರುತ್ತೇವೆ’ ಎಂದಿತ್ತು. ಮಾನವೀಯತೆಯ ದೃಷ್ಟಿಯಿಂದ ಕೇಳಿದ್ದನ್ನು ಅದೇ ದೃಷ್ಟಿಯಿಂದ ಮುಂದೂಡುವುದೂ ಸುಲಭ.

2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಭರವಸೆ ಹುಟ್ಟಿತು. ಅರಣ್ಯವಾಸಿಗಳಿಗೆ ಆದ ‘ಐತಿಹಾಸಿಕ ಅನ್ಯಾಯ’ವನ್ನು ಆ ಕಾಯ್ದೆ ತನ್ನ ಪ್ರಸ್ತಾವನೆಯಲ್ಲಿಯೇ ಒಪ್ಪಿಕೊಂಡಿತ್ತು. ತಾನು ಅನ್ಯಾಯ ಮಾಡಿದ್ದೇನೆ ಎಂದು ಒಂದು ಪ್ರಭುತ್ವ ಕಾನೂನಿನಲ್ಲಿಯೇ ಬರೆದುಕೊಳ್ಳುವುದು ಅಪರೂಪ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ನೆಲೆಸಿ ಅದನ್ನು ಅವಲಂಬಿಸಿದ್ದನ್ನು ತೋರಿಸಬೇಕಿತ್ತು. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗುತ್ತದೆ.

ಕಾಯ್ದೆ ಜಾರಿಯಾದ ಎರಡನೆಯ ವರ್ಷ ನಾನು ಇಪ್ಪತ್ತೇಳು ಮನೆಗಳ ಅರ್ಜಿ ಬರೆದೆ. ಈಗಿರುವ ಮನೆ, ಈಗಿರುವ ತೋಟ, ರೇಷನ್ ಕಾರ್ಡ್, ಮತದಾರರ ಪಟ್ಟಿ, ಮನೆ ಕಂದಾಯದ ರಸೀದಿ: ಎಲ್ಲವೂ ಈ ಜಾಗಕ್ಕೆ ಸಂಬಂಧಿಸಿದವು. ಉಪವಿಭಾಗ ಮಟ್ಟದ ಸಮಿತಿಯಿಂದ ಇಪ್ಪತ್ತೇಳು ಹಾಳೆಗಳು ಬಂದವು. ಹೆಸರನ್ನು ಬಿಟ್ಟರೆ ಒಂದೇ ಒಕ್ಕಣೆ, ‘75 ವರ್ಷಗಳ ವಾಸದ ದಾಖಲೆ ಇಲ್ಲದ್ದರಿಂದ ತಿರಸ್ಕರಿಸಿದೆ’. ಅನ್ಯಾಯ ಸರಿಪಡಿಸಲು ಬಂದ ಕಾಯ್ದೆಯಡಿ ಇವರು ಅನರ್ಹರಾದದ್ದು ಅವರು ಈ ಕಾಡಿಗೆ ತಡವಾಗಿ ಬಂದದ್ದರಿಂದ. ತಡವಾಗಿ ಬಂದದ್ದು ಪ್ರಭುತ್ವವೇ ಲಾರಿಯಲ್ಲಿ ತಂದದ್ದರಿಂದ. ಎಪ್ಪತ್ತೈದು ವರ್ಷದ ಎಳೆಯನ್ನು ತುಂಡರಿಸಿದವರೇ ಎಳೆ ತುಂಡಾಗಿದೆ ಎಂದು ಬರೆದಂತಾಯಿತು.

ನನ್ನ ಮೊದಲ ತಪ್ಪು ಇಲ್ಲಿತ್ತು. ಎಪ್ಪತ್ತೈದು ವರ್ಷದ ವಾಸ ಅರ್ಜಿ ಹಾಕಿದ ಅದೇ ತುಂಡು ಭೂಮಿಯಲ್ಲಿಯೇ ಇರಬೇಕೆಂದು ಕಾಯ್ದೆ ಹೇಳಿರಲಿಲ್ಲ. ಮುಳುಗಿದ ಕಣಿವೆಯೂ ಕಾಡೇ. ಅಲ್ಲಿಯೂ ಇವರ ಹಿರಿಯರು ಸೊಪ್ಪಿನ ಬೆಟ್ಟದ ಸೊಪ್ಪಿನಿಂದ, ಕಾಡಿನ ಜೇನು, ಉಪ್ಪಾಗೆ, ಬೆತ್ತಗಳಿಂದ ಬದುಕಿದವರು. ಈ ಹಿಂದಿನ ಬದುಕನ್ನು ನಾನು ಅರ್ಜಿಯಲ್ಲಿ ಒಂದು ಸಾಲಿನಲ್ಲೂ ಬರೆದಿರಲಿಲ್ಲ. ಕಚೇರಿ ಕೇಳುವುದು ಇಷ್ಟೇ ಎಂದು ನಾನೇ ಊಹಿಸಿಕೊಂಡು, ಅವರ ಕೊಳಗದಲ್ಲಿಯೇ ಅಳೆದು ಕೊಟ್ಟಿದ್ದೆ.

ತಿರುವುಗಳು

2019ರ ಫೆಬ್ರುವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸುವಂತೆ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು. ಅದೇ ತಿಂಗಳ 28ರಂದು ಆ ಆದೇಶಕ್ಕೆ ತಾನೇ ತಡೆ ಕೊಟ್ಟಿತು. ಆ ಹದಿನೈದು ದಿನಗಳಲ್ಲಿ ಮಜರೆಯಲ್ಲಿ ಅಡಿಕೆ ಸುಲಿಯುವ ಕೆಲಸವೇ ನಿಂತಿತು. ‘ಇನ್ನೊಂದ್ಸಲ ಲಾರಿ ಬರ್ತದಾ ಮೇಷ್ಟ್ರೇ?’ ಎಂದು ಎಂಬತ್ತು ದಾಟಿದ ಒಬ್ಬ ಅಜ್ಜಿ ಕೇಳಿದರು. ಭಯಕ್ಕೆ ಒಂದು ಉಪಯೋಗವೂ ಆಯಿತು: ನಾವು ಕಾಯ್ದೆಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆವು.

ಓದಿದಾಗ ಎರಡು ದಾರಿ ಕಂಡವು. ಒಂದು, ಕಾಯ್ದೆಯ 3(2)ನೇ ಕಲಂ. ಅಂಗನವಾಡಿ, ಶಾಲೆ, ರಸ್ತೆ, ವಿದ್ಯುತ್ ತಂತಿಯಂಥ ಹದಿಮೂರು ಬಗೆಯ ಸೌಲಭ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಗ್ರಾಮಸಭೆಯ ಶಿಫಾರಸಿನ ಮೇಲೆ ಬಿಡಬಹುದು. ಕಡಿಯುವ ಮರ ಹೆಕ್ಟೇರಿಗೆ 75ನ್ನು ಮೀರಬಾರದು. ಇದಕ್ಕೆ ಹಕ್ಕುಪತ್ರ ಮೊದಲೇ ಇರಬೇಕಾಗಿಲ್ಲ. ಅಂದರೆ ಬೆಳಕಿನ ಪ್ರಶ್ನೆಯನ್ನು ಭೂಮಿಯ ಪ್ರಶ್ನೆಯಿಂದ ಬಿಡಿಸಬಹುದಿತ್ತು. ಮಜರೆ ಎರಡಾಯಿತು. ಹರೆಯದವರು ಮೊದಲು ಕರೆಂಟು ಬರಲಿ ಎಂದರು. ಹಿರಿಯರು ಒಪ್ಪಲಿಲ್ಲ; ಬಲ್ಬು ಉರಿದ ಮೇಲೆ ಹಕ್ಕುಪತ್ರದ ಕೂಗು ಯಾರ ಕಿವಿಗೂ ಬೀಳುವುದಿಲ್ಲ ಎಂಬುದು ಅವರ ವಾದ. ನಾನು ಹಿರಿಯರ ಪರ ನಿಂತು ಹೆಚ್ಚುಕಡಿಮೆ ಒಂದು ವರ್ಷ ಹಾಳು ಮಾಡಿದೆ. ಕೊನೆಗೆ ಒಬ್ಬ ತಾಯಿ, ರಾತ್ರಿ ಮಗುವಿಗೆ ಹಾವು ಕಚ್ಚಿದ್ದು ಕಾಣಿಸದೆ ಬೆಳಗಿನವರೆಗೆ ತಡವಾದ ಘಟನೆಯನ್ನು ಸಭೆಯಲ್ಲಿ ನೆನಪಿಸಿದ ಮೇಲೆ ವಾದ ನಿಂತಿತು. ಮಗು ಬದುಕಿತ್ತು, ಆದರೂ ಆಮೇಲೆ ಯಾರೂ ಮಾತಾಡಲಿಲ್ಲ.

ಇನ್ನೊಂದು ದಾರಿ ಆ ಕಾಯ್ದೆಯಡಿ ರಚಿಸಿದ ನಿಯಮಗಳಲ್ಲಿ, ನಿಯಮ 12ರ ನಾಲ್ಕನೆಯ ಉಪನಿಯಮದಲ್ಲಿ ಇತ್ತು. ಗ್ರಾಮಸಭೆ ಅಥವಾ ಅರಣ್ಯ ಹಕ್ಕು ಸಮಿತಿ ಲಿಖಿತವಾಗಿ ಕೇಳಿದರೆ ಸಂಬಂಧಪಟ್ಟ ಪ್ರಾಧಿಕಾರ ತನ್ನಲ್ಲಿರುವ ದಾಖಲೆಯ ದೃಢೀಕೃತ ಪ್ರತಿಯನ್ನು ಕೊಡಬೇಕು. ಇಡೀ ಪ್ರಕರಣದ ತಿರುವು ಇದೇ ಎಂದು ನಾನು ಎಣಿಸುತ್ತೇನೆ. ಇಲ್ಲಿಯವರೆಗೆ ಕಚೇರಿ ಕೇಳುತ್ತಿತ್ತು, ಮಜರೆ ಹುಡುಕುತ್ತಿತ್ತು. ಮುಳುಗಡೆಯ ವಿವರ ಇದ್ದದ್ದು ಭೂಸ್ವಾಧೀನದ ಐತೀರ್ಪು ವಹಿಯಲ್ಲಿ, ಅಂದರೆ ಯಾರ ಜಮೀನಿಗೆ ಎಷ್ಟು ಪರಿಹಾರ ಎಂದು ಬರೆದಿಟ್ಟ ಪುಸ್ತಕದಲ್ಲಿ. ಅದು ಇದ್ದದ್ದು ಸರ್ಕಾರದ ದಾಖಲೆ ಕೋಣೆಯಲ್ಲಿ. ಪ್ರಜೆಯಿಂದ ಪ್ರಭುತ್ವ ಕೇಳುತ್ತಿದ್ದ ಪುರಾವೆ ಪ್ರಭುತ್ವದ ಕಪಾಟಿನಲ್ಲಿಯೇ ಇತ್ತು. ಮನವಿಯ ಬದಲು ಗ್ರಾಮಸಭೆಯ ಠರಾವು ಕಳುಹಿಸಬೇಕು, ಮಾನವೀಯತೆಯ ಬದಲು ನಿಯಮದ ಸಂಖ್ಯೆ ಬರೆಯಬೇಕು ಎಂದು ತೀರ್ಮಾನಿಸಿದೆವು.

ಠರಾವಿಗೆ ಕೋರಂ ಬೇಕು. 2012ರ ತಿದ್ದುಪಡಿಯ ಪ್ರಕಾರ ಸದಸ್ಯರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ಎರಡು ಸಭೆಗಳು ಕೋರಂ ಇಲ್ಲದೆ ಮುಂದೂಡಲ್ಪಟ್ಟವು. ಮೂರನೆಯ ಬಾರಿ ನಮ್ಮ ಅರಣ್ಯ ಹಕ್ಕು ಸಮಿತಿಯ ಅಧ್ಯಕ್ಷರು ಹಳ್ಳದ ಆಚೆಯ ಏಳು ಮನೆಗಳಿಗೆ ಪುಸ್ತಕ ಕಳುಹಿಸಿ ಸಹಿ ಹಾಕಿಸಿಕೊಂಡು ಬರಲು ಹೇಳಿದರು. ಆ ಮನೆಗಳವರನ್ನು ನಾವು ಅರ್ಜಿದಾರರಾಗಿ ಸೇರಿಸಿರಲಿಲ್ಲ. ಜಮೀನು ಕಳೆದುಕೊಂಡ ದಾಖಲೆಯೇ ಇಲ್ಲದವರನ್ನು ಸೇರಿಸಿದರೆ ಉಳಿದವರ ಅರ್ಜಿಯ ತೂಕ ಕಡಿಮೆಯಾಗುತ್ತದೆ ಎಂದು ಅಧ್ಯಕ್ಷರು ಹೇಳಿದ್ದರು, ನಾನು ತಲೆಯಾಡಿಸಿದ್ದೆ.

ಪುಸ್ತಕ ಖಾಲಿಯಾಗಿ ಹಿಂದಿರುಗಿತು. ಅದರ ಹಿಂದೆಯೇ ಆ ಏಳು ಮನೆಗಳ ಹೆಂಗಸರು ಸಭೆಗೆ ಬಂದರು. ಅವರಲ್ಲಿ ಹಿರಿಯರೊಬ್ಬರು ನನ್ನನ್ನು ನೋಡಿ, ‘ನಮ್ಮ ಸಹಿ ಬೇಕು, ನಾವು ಬ್ಯಾಡ ಅಂದ್ರೆ ಹ್ಯಾಂಗೆ ಮೇಷ್ಟ್ರೇ?’ ಎಂದರು.

ನನ್ನ ಹತ್ತಿರ ಉತ್ತರವಿರಲಿಲ್ಲ. ಕಚೇರಿ ನಮ್ಮಿಂದ ಏನನ್ನು ಕೇಳುತ್ತಿತ್ತೋ ಅದನ್ನೇ ನಾವು ಆ ಏಳು ಮನೆಗಳಿಂದ ಕೇಳಿದ್ದೆವು: ದಾಖಲೆ ತನ್ನಿ, ಆಮೇಲೆ ನೋಡೋಣ. ಸಭೆಯಲ್ಲಿ ಬಿಸಿ ಮಾತುಗಳಾದವು. ಇಬ್ಬರು ಎದ್ದು ಹೋದರು. ಕತ್ತಲಾಗುವ ಹೊತ್ತಿಗೆ ಮೂವತ್ತನಾಲ್ಕೂ ಮನೆಗಳನ್ನು ಅರ್ಜಿದಾರರೆಂದು ಬರೆದು ಠರಾವು ಮಾಡಲಾಯಿತು. ಇದು ಹೃದಯ ಪರಿವರ್ತನೆ ಎಂದು ನಾನು ಹೇಳಲಾರೆ. ಆ ಹೆಂಗಸರಿಲ್ಲದೆ ಕೋರಂ ಆಗುತ್ತಿರಲಿಲ್ಲ, ಅಷ್ಟೇ. ಆದರೆ ನಿಯಮ ಬರೆದವರು ಮೂರನೆಯ ಒಂದು ಭಾಗ ಎಂಬ ಸಂಖ್ಯೆಯನ್ನು ಹಾಕದೇ ಹೋಗಿದ್ದರೆ ಆ ಏಳು ಮನೆಗಳಿಗೆ ಅಷ್ಟೂ ಬಲ ಇರುತ್ತಿರಲಿಲ್ಲ.

ಏನಾಯಿತು

ಬೆಳಕು ಮೊದಲು ಬಂತು. 3(2)ರ ಅಡಿಯಲ್ಲಿ ಅಂಗನವಾಡಿಯವರೆಗೆ ಕಂಬಗಳು ಮಂಜೂರಾದವು, ಅಲ್ಲಿಂದ ಇಪ್ಪತ್ತೇಳು ಮನೆಗಳಿಗೆ ಸಂಪರ್ಕ ಸಿಕ್ಕಿತು. ಅಂದಾಜು ಪಟ್ಟಿ ಹಳ್ಳದ ಈಚೆಗೆ ಮುಗಿದಿತ್ತು. ಏಳು ಮನೆಗಳವರು ಒಂದು ಮಳೆಗಾಲವಿಡೀ ಪಕ್ಕದ ಮನೆಯಿಂದ ವೈರು ಎಳೆದುಕೊಂಡು ತಲಾ ಒಂದು ಬಲ್ಬು ಉರಿಸಿದರು. ಎರಡನೆಯ ಠರಾವಿನ ಮೇಲೆ ಹಳ್ಳ ದಾಟಿ ನಾಲ್ಕು ಕಂಬಗಳು ಬಂದವು. ಹಿರಿಯರ ಅನುಮಾನ ಪೂರ್ತಿ ಸುಳ್ಳಾಗಲಿಲ್ಲ: ಕರೆಂಟು ಬಂದ ಮೇಲೆ ಸಭೆಗೆ ಬರುವವರು ಕಡಿಮೆಯಾದದ್ದು ನಿಜ. ಜೊತೆಗೆ ಯಾರೂ ಎಣಿಸದಿದ್ದ ಒಂದು ಲಾಭವೂ ಆಯಿತು. ಪ್ರತಿ ಮನೆಗೆ ಆರ್.ಆರ್. ನಂಬರ್ ಬಂತು, ಪ್ರತಿ ತಿಂಗಳು ಬಿಲ್ಲು ಬಂತು. ಹಳ್ಳದ ಆಚೆಯವರಲ್ಲಿ ಮೂವರ ಹೆಸರಿಗೆ ಸರ್ಕಾರಿ ಕಾಗದದಲ್ಲಿ ಮನೆ ಕಾಣಿಸಿಕೊಂಡದ್ದು ಅದೇ ಮೊದಲು.

ಭೂಮಿಯ ವಿಷಯ ಇನ್ನೂ ಮುಗಿದಿಲ್ಲ. ಗ್ರಾಮಸಭೆಯ ಠರಾವು ತಲುಪಿದ ಮೇಲೆ ಹಳೆಯ ಕಡತ ಹುಡುಕಲು ಕಚೇರಿಗೆ ಹಲವು ತಿಂಗಳು ಹಿಡಿಯಿತು. ನಡುವೆ ಮಾಹಿತಿ ಹಕ್ಕಿನ ಅರ್ಜಿಯನ್ನೂ, ಉತ್ತರ ಬಾರದಾಗ ಮೇಲ್ಮನವಿಯನ್ನೂ ಹಾಕಬೇಕಾಯಿತು. ಐತೀರ್ಪು ವಹಿಯ ಪ್ರತಿ ಕೈಸೇರಿದಾಗ ಇಪ್ಪತ್ತೇಳು ಮನೆಗಳ ಹಿರಿಯರ ಹೆಸರುಗಳು ಅದರಲ್ಲಿದ್ದವು. ಉಪವಿಭಾಗ ಮಟ್ಟದ ಸಮಿತಿ ಈ ಬಾರಿ ಅರ್ಜಿಗಳನ್ನು ತಿರಸ್ಕರಿಸದೆ, 2012ರ ನಿಯಮದಂತೆ ಮರುಪರಿಶೀಲನೆಗೆ ಗ್ರಾಮಸಭೆಗೆ ಹಿಂದಿರುಗಿಸಿತು. ಹೊರಗಿನವರಿಗೆ ಇದು ಸಣ್ಣ ವ್ಯತ್ಯಾಸ ಅನ್ನಿಸಬಹುದು. ತಿರಸ್ಕೃತ ಎಂಬ ಪದದ ಮೇಲೆ ತೆರವಿನ ಭಯ ನಿಂತಿತ್ತೆಂಬುದನ್ನು ನೆನೆದರೆ ಅದು ಸಣ್ಣದಲ್ಲ. ಹಕ್ಕುಗಳ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ ಎಂದು ಕಾಯ್ದೆಯ 4(5)ನೇ ಕಲಂ ಹೇಳುತ್ತದೆ.

ಈ ಪ್ರಕರಣದಿಂದ ತಿಳಿಯುವುದು

ಇಂಥ ಅರ್ಜಿ ಬರೆಯುವವರಿಗೆ ನಾನು ಹೇಳುವುದು ಮುಖ್ಯವಾಗಿ ಒಂದೇ: ದಾಖಲೆ ಯಾರ ಬಳಿ ಇದೆ ಎಂದು ಮೊದಲು ಕೇಳಿಕೊಳ್ಳಿ. ಘೋಷಿಸಿದ ಮೌಲ್ಯಕ್ಕೂ ಆಚರಣೆಗೂ ನಡುವಿನ ಅಂತರ ಬಹಳ ಸಲ ಕಾಯ್ದೆಯ ಮೊದಲ ಪುಟದಲ್ಲಿ ಇರುವುದಿಲ್ಲ, ಅಧಿಕಾರಿಯ ಮನಸ್ಸಿನಲ್ಲಿಯೂ ಇರುವುದಿಲ್ಲ. ಪುರಾವೆಯ ಹೊರೆ ಯಾರ ತಲೆಯ ಮೇಲಿದೆ ಎಂಬಲ್ಲಿ ಇರುತ್ತದೆ. ಆ ಹೊರೆಯನ್ನು ಇಳಿಸುವ ಸಾಲು ನಿಯಮಗಳಲ್ಲಿಯೇ ಇತ್ತು, ನಮಗೆ ಕಾಣಲು ಹತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಹಾಗೆಯೇ ಬೆಳಕು, ರಸ್ತೆ, ಭೂಮಿ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಅತಿ ಕಠಿಣವಾದದ್ದಕ್ಕೆ ಎಲ್ಲವೂ ಕಾಯುತ್ತವೆ.

2023ರಿಂದ ರಾಜ್ಯದ ಶಾಲೆಗಳಲ್ಲಿ ಮಕ್ಕಳು ಸಂವಿಧಾನದ ಪೀಠಿಕೆಯನ್ನು ಓದುತ್ತಾರೆ. ಈ ಮಜರೆಯ ಶಾಲೆ ನಿಂತಿರುವ ನೆಲವೂ ಕಡತದಲ್ಲಿ ಅರಣ್ಯವೇ ಆದ್ದರಿಂದ, ಅಲ್ಲಿ ನಿಂತು ನ್ಯಾಯ, ಸಮಾನತೆ ಎಂದು ಓದಿಸುವುದನ್ನು ಕಂಡು ನಗುವ ಸ್ನೇಹಿತರಿದ್ದಾರೆ. ನಾನು ಅವರೊಂದಿಗೆ ನಗುವುದಿಲ್ಲ. ಕಾಗೋಡಿನ ರೈತರು ಒಡೆಯರ ಕೊಳಗ ದೊಡ್ಡದೆಂದು ಹೇಳಲು ಸಾಧ್ಯವಾದದ್ದು ರೂಢಿಯ ಕೊಳಗವೊಂದು ಊರಿನಲ್ಲಿ ಇದ್ದದ್ದರಿಂದ.

ಹಳ್ಳದ ಆಚೆಯ ಮನೆಗಳ ಹೆಸರು ಐತೀರ್ಪು ವಹಿಯಲ್ಲಿ ಸಿಗಲಿಲ್ಲ. ಗೇಣಿದಾರರ ಅಂಕಣ ಪುಟದಿಂದ ಪುಟಕ್ಕೆ ಖಾಲಿಯಿತ್ತು. ಆದರೆ ಅದೇ ಕಟ್ಟಿನಲ್ಲಿ ಲಾರಿಗಳ ಸಾಗಣೆ ಪಟ್ಟಿಯೊಂದಿತ್ತು: ಜಮೀನುದಾರನ ಹೆಸರು, ಕುಟುಂಬದ ಜನ, ದನಗಳು, ಭತ್ತದ ಮೂಟೆಗಳು. ಒಂದು ಸಾಲಿನ ಕೊನೆಯಲ್ಲಿ, ದನಗಳ ಎಣಿಕೆಯ ನಂತರ, ‘ಆಳು – 3’ ಎಂದು ಬರೆದಿತ್ತು. ಸಭೆಯಲ್ಲಿ ನನ್ನನ್ನು ಪ್ರಶ್ನಿಸಿದ ಆ ಹಿರಿಯರಿಗೆ ಅದನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಬ್ಬರು ನಮ್ಮ ಮಾವ, ಇನ್ನಿಬ್ಬರು ಅವರ ತಮ್ಮಂದಿರು ಎಂದು ಹೇಳಿ ಮೂವರ ಹೆಸರನ್ನೂ ಬರೆಸಿದರು. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ ಎಂದು ನಿಯಮ 13 ಒಪ್ಪುತ್ತದೆ. ಆ ಹೇಳಿಕೆ, ಸಾಗಣೆ ಪಟ್ಟಿಯ ಪ್ರತಿ ಮತ್ತು ಮೂರು ಕರೆಂಟ್ ಬಿಲ್ಲುಗಳನ್ನು ಲಗತ್ತಿಸಿ ಏಳು ಮನೆಗಳ ಅರ್ಜಿಯನ್ನು ಸಲ್ಲಿಸಿದೆವು. ಸ್ವೀಕೃತಿ ಪತ್ರ ಬಂದಿದೆ. ವಿಚಾರಣೆಯ ದಿನ ಇನ್ನೂ ಗೊತ್ತಾಗಿಲ್ಲ.